ಅಜ್ಜಿಯ ಹೆಸರಿನ ಮಾತ್ರೆ

ಫೆಬ್ರವರಿ ಹನ್ನೊಂದನೇ ತಾರೀಖು, ಮಂಗಳವಾರ, ಸಂಜೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಲಿಫ್ಟ್ ಮೆಕ್ಯಾನಿಕ್ ಅರ್ಧ ಊಟ ಬಿಟ್ಟು ಎದ್ದ. ತಟ್ಟೆಯಲ್ಲಿ ಅನ್ನವಿತ್ತು, ಹುರುಳಿಕಾಯಿ ಪಲ್ಯವಿತ್ತು, ಒಂದು ತುತ್ತಷ್ಟೇ ಮುರಿದ ಬೇಯಿಸಿದ ಮೊಟ್ಟೆಯಿತ್ತು. ಕೈ ತೊಳೆದು, ಒರೆಸಿಕೊಳ್ಳದೆ, ಬಾಗಿಲ ಹಿಂದಿನ ಮೊಳೆಯಿಂದ ಸ್ಕೂಟರಿನ ಕೀಲಿ ತೆಗೆದುಕೊಂಡ.

“ಎಲ್ಲಿಗೆ?” ಎಂದಳು ಹೆಂಡತಿ.

“ಬಟ್ಟೆ ಅಂಗಡಿ ಮೇಲಿನ ಕಟ್ಟಡ. ಐದೇ ನಿಮಿಷ.”

“ಅಲ್ಲಿಗೆ ಹೋಗೋದಕ್ಕೇ ಇಪ್ಪತ್ತು ನಿಮಿಷ ಬೇಕು. ಯಾರಾದ್ರೂ ಸಿಕ್ಕಿಹಾಕ್ಕೊಂಡ್ರಾ?”

“ಇಲ್ಲ. ಬ್ರೇಕಿನ ನಟ್ಟು.”

“ಬಿಗಿ ಮಾಡಲಿಲ್ವಾ?”

“ಮಾಡಿದೆ.”

“ಮತ್ತೆ?”

“ಮಾಡಿದೀನಿ ಅಂತ ಗೊತ್ತು ಕಣೇ. ಮಾಡಿದ ಹಾಗೆ ಅನ್ನಿಸ್ತಾ ಇಲ್ಲ.”

ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಅಡಗಿತು. ಅವನ ತಾಯಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡು ಮೇಲೊಂದು ತಟ್ಟೆ ಮುಚ್ಚಿದಳು. ಮೊಮ್ಮಗಳು ಕರೆಯುವಂತೆ ಬೀದಿಯವರಿಗೆಲ್ಲ ಅವಳು ಅಜ್ಜಿ.

“ನಿನ್ನೆ ಬೆಳಿಗ್ಗೆ ಶಾಲೆ ಲಿಫ್ಟಿಗೆ ವಾಪಸ್ ಹೋಗಿದ್ದ. ಅದಕ್ಕೂ ಮುಂಚೆ ಹೋಟೆಲ್ ಲಿಫ್ಟಿಗೆ. ಆ ಲಿಫ್ಟುಗಳೇನು ಇವನಿಗೆ ಹುಟ್ಟಿದವಾ?”

“ಊರಿನ ಲಿಫ್ಟನ್ನೆಲ್ಲ ಮೂರು ಮೂರು ಸಲ ನೋಡ್ತಾರೆ” ಎಂದಳು ಹೆಂಡತಿ. “ನಮ್ಮ ಬಚ್ಚಲಿನ ನಲ್ಲಿ ಸೋರೋಕೆ ಶುರುವಾಗಿ ಎಷ್ಟು ದಿನ ಆಯ್ತು ಕೇಳಿ, ಅತ್ತೆ. ಬಕೆಟ್ ಇಟ್ಟೂ ಇಟ್ಟೂ ನನ್ನ ಸೊಂಟ ಬಿದ್ದುಹೋಯ್ತು.”

ಅದರ ಕಾರಣ ಮಗಳಿಗೆ ಗೊತ್ತಿತ್ತು. ಹಿಂದಿನ ಭಾನುವಾರ ಅಪ್ಪ ನಲ್ಲಿಯ ಮುಂದೆ ವಾಷರ್ ಹಿಡಿದು ಕೂತಿದ್ದನ್ನು ಅವಳು ನೋಡಿದ್ದಳು. ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ಕೊನೆಗೆ ವಾಷರನ್ನು ಜೇಬಿಗೆ ಹಾಕಿಕೊಂಡು ಎದ್ದುಹೋಗಿದ್ದ. ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದಳು. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುತ್ತಿದ್ದಳು, ಆಡಿದರೆ ನೇರ ಆಡುತ್ತಿದ್ದಳು.

“ಅಪ್ಪನಿಗೆ ಡಾಕ್ಟ್ರು ಬೇಕು ಅಮ್ಮ. ಸೊಂಟದ ಡಾಕ್ಟ್ರಲ್ಲ, ಮನಸ್ಸಿನ ಡಾಕ್ಟ್ರು.”

“ಬಾಯಿ ಮುಚ್ಚು” ಎಂದಳು ಹೆಂಡತಿ. ಹೇಳಿ, ತಾನೇ ಬಾಗಿಲ ಕಡೆ ನೋಡಿದಳು, ಪಕ್ಕದ ಮನೆಯವರು ಕೇಳಿಸಿಕೊಂಡರೇನೋ ಎಂಬಂತೆ.

ಡಾಕ್ಟರಿಗೆ ಹೆದರುವ ಮನೆಯೇನೂ ಅದಲ್ಲ. ಹೆಂಡತಿ ಕೆಲಸ ಮಾಡುತ್ತಿದ್ದುದೇ ಕ್ಲಿನಿಕ್ಕಿನ ಕೌಂಟರಿನಲ್ಲಿ. ಕಣ್ಣು, ಕಿವಿ, ಮೂಳೆ, ಹೃದಯ, ಚರ್ಮ, ಎಲ್ಲಕ್ಕೂ ಒಬ್ಬೊಬ್ಬ ಡಾಕ್ಟರು ಸರದಿಯ ಮೇಲೆ ಬಂದು ಕೂರುತ್ತಿದ್ದ ಮೂರು ಮಹಡಿಯ ಕಟ್ಟಡ ಅದು. ಹೆಸರು ಬರೆದುಕೊಂಡು ಟೋಕನ್ ಕೊಡುವುದು ಅವಳ ಕೆಲಸ. ಅಜ್ಜಿಯ ಮಂಡಿ, ಮಗಳ ಮೊಡವೆ, ಗಂಡನ ಹುಳುಕು ಹಲ್ಲು, ಎಲ್ಲವೂ ಆ ಕೌಂಟರಿನ ಮುಂದೆಯೇ ಹಾದುಹೋಗಿದ್ದವು. ಸೋಮವಾರ ಮತ್ತು ಗುರುವಾರ ಮಧ್ಯಾಹ್ನ ಎರಡನೇ ಮಹಡಿಯಲ್ಲಿ ಮನೋವೈದ್ಯೆಯೊಬ್ಬರು ಕೂರುತ್ತಿದ್ದರು. ಅವರ ಟೋಕನ್ನನ್ನೂ ಅವಳೇ ಕೊಡುತ್ತಿದ್ದಳು.

ತೊಂದರೆ ಇದ್ದುದು ಅಲ್ಲೇ.

ಮುಂದಿನ ವಾರದ ಶುಕ್ರವಾರ ಸಂಜೆ ಮೆಕ್ಯಾನಿಕ್ ಆಲೂಗಡ್ಡೆ ಸಿಪ್ಪೆ ಸುಲಿಯುತ್ತ ಕೂತಿದ್ದಾಗ ಹೆಂಡತಿ ಮಾತು ತೆಗೆದಳು. ಎರಡು ದಿನ ಅಳೆದು ಸುರಿದು ಸಿದ್ಧ ಮಾಡಿಕೊಂಡ ಮಾತು.

“ನೋಡಿ, ನಮ್ಮ ಎರಡನೇ ಮಹಡಿ ಮೇಡಂ ಒಳ್ಳೆಯವರು. ಒಂದು ಸಲ ಬಂದು ಹೋಗಿ. ಏನು ಕಳ್ಕೊಳ್ತೀರಿ?”

“ನಿನ್ನ ಕೌಂಟರಿಗೆ?”

“ನನ್ನ ಕೌಂಟರಿಗೇ. ಏನೀಗ?”

ಅವನು ಚಾಕು ಕೆಳಗಿಟ್ಟ. “ಡ್ರಾಯಿಂಗ್ ಮೇಷ್ಟ್ರು ಬಂದಾಗ ಏನಂದೆ ನೀನು?”

“ಯಾವ ಡ್ರಾಯಿಂಗ್ ಮೇಷ್ಟ್ರು?”

“ಮಗಳಿಗೆ ಪಾಠ ಹೇಳಿದ್ರಲ್ಲ, ಅವರು. ಹೋದ ವರ್ಷ ಇದೇ ಮೇಜಿನ ಮೇಲೆ ಊಟ ಮಾಡ್ತಾ ಹೇಳಿದೆ. ‘ಎರಡನೇ ಮಹಡಿಗೆ ಟೋಪಿ ಹಾಕ್ಕೊಂಡು ಬಂದಿದ್ರು ರೀ, ಗುರುತು ಸಿಗಬಾರದು ಅಂತ. ಟೋಪಿ ಮೇಲೂ ಬಣ್ಣದ ಕಲೆ!’ ಅಂತ. ಹೇಗೆ ನಡೆದ್ರು ಅಂತ ನಡೆದು ತೋರಿಸಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ನನಗೇ ಜಾಸ್ತಿ ನಗು ಬಂತು.”

“ಅದು ಮನೆಯೊಳಗೆ ಆಡಿದ ಮಾತು.”

“ನಿನ್ನ ಪಕ್ಕದ ಕೌಂಟರಿನವಳಿಗೂ ಮನೆ ಇದೆ. ಅವಳ ಮನೇಲೂ ಊಟದ ಮೇಜಿದೆ.”

ಹೆಂಡತಿಯ ದನಿ ಏರಿತು. “ಹಾಗಾದ್ರೆ ಬೇರೆ ಕಡೆ ಹೋಗಿ! ಊರಲ್ಲಿ ಇವರೊಬ್ಬರೇನಾ?”

“ಬೇರೆ ಕಡೆ ಹೋದ್ರೆ ಕಂಪನಿಗೆ ಗೊತ್ತಾಗುತ್ತೆ. ಅರ್ಧ ಊರಿನ ಆಸ್ಪತ್ರೆಗಳ ಲಿಫ್ಟು ನಮ್ಮವೇ. ಒಂದಲ್ಲ ಒಂದು ಕಡೆ ನಮ್ಮವನೊಬ್ಬ ಎಣ್ಣೆ ಹಾಕ್ತಾ ನಿಂತಿರ್ತಾನೆ. ತಲೆ ಕೆಟ್ಟವನ ಕೈಯಲ್ಲಿ ಬ್ರೇಕ್ ಮುಟ್ಟಿಸ್ತಾರಾ? ಗೋಡೌನಲ್ಲಿ ತಂತಿ ಹಗ್ಗ ಸುತ್ತೋದಕ್ಕೆ ಕೂರಿಸ್ತಾರೆ.”

“ನಿಮಗೆ ತಲೆ ಕೆಟ್ಟಿದೆ ಅಂತ ಯಾರಂದ್ರು?”

“ಈಗ ತಾನೇ ಡಾಕ್ಟ್ರ ಹತ್ರ ಹೋಗಿ ಅಂದೆಯಲ್ಲ?”

“ಅಯ್ಯೋ, ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳೋದೂ ಒಂದೇ!”

ಆಲೂಗಡ್ಡೆಗಳು ನೀರಿನಲ್ಲಿ ಉಳಿದವು. ಆ ರಾತ್ರಿ ಎಲ್ಲರೂ ಬ್ರೆಡ್ಡು ತಿಂದರು.

ಅಜ್ಜಿ ಈ ಜಗಳವನ್ನು ಒಳಗಿನ ಕೋಣೆಯಿಂದ ಪೂರ್ತಿ ಕೇಳಿಸಿಕೊಂಡಿದ್ದಳು. ಅವಳಿಗೆ ಎಪ್ಪತ್ತೆರಡು. ಸೀಳಿದ ಹಾಲಿನ ಪ್ಯಾಕೆಟ್ಟಿನಿಂದ ಹಿಡಿದು ಮುರಿದ ಮದುವೆಯವರೆಗೆ ಯಾವುದಕ್ಕೂ ಹೊರಗಿನವರನ್ನು ಕರೆಯಬಾರದು, ಮನೆಯೊಳಗೇ ಸರಿ ಮಾಡಿಕೊಳ್ಳಬೇಕು ಎನ್ನುವುದು ಅವಳ ಮತ. ಮರುದಿನ ಬೆಳಿಗ್ಗೆ ಒಗೆದ ಬಟ್ಟೆ ಮಡಿಸುತ್ತ ತೀರ್ಪು ಕೊಟ್ಟಳು.

“ನಾನು ಹೋಗ್ತೀನಿ.”

“ಎಲ್ಲಿಗೆ ಅಜ್ಜಿ?”

“ಎರಡನೇ ಮಹಡಿಗೆ. ಅವನಿಗೇನಾಗುತ್ತೋ ಅದು ನನಗಾಗುತ್ತೆ ಅಂತ ಹೇಳ್ತೀನಿ. ಮಾತ್ರೆ ಕೊಡ್ತಾಳೆ. ಅವನು ನುಂಗಲಿ.”

ಮೊಮ್ಮಗಳು ದಿಂಬಿನ ಚೀಲವನ್ನು ಕೈಯಲ್ಲೇ ಹಿಡಿದು ನಿಂತಳು. “ಹಾಗೆಲ್ಲ ಆಗಲ್ಲ ಅಜ್ಜಿ. ಔಷಧಿ ಅಂದ್ರೆ ಸ್ವೆಟರ್ ಅಲ್ಲ, ಒಬ್ಬರದ್ದನ್ನ ಇನ್ನೊಬ್ಬರು ಹಾಕ್ಕೊಳ್ಳೋಕೆ.”

“ಅವನಷ್ಟಕ್ಕೆ ಬಿಟ್ಟರೆ ಆ ಸ್ವೆಟರಾದ್ರೂ ಅವನ ಮೈ ಮೇಲೆ ಬೀಳುತ್ತಾ? ನನಗೇನು ಕೆಲಸ ಹೋಗಬೇಕಾ, ಮದುವೆ ತಪ್ಪಬೇಕಾ? ಮುದುಕಿಗೆ ತಲೆ ಕೆಟ್ಟಿದೆ ಅಂದ್ರೆ ‘ಓಹೋ’ ಅಂತಾರೆ, ಮುಂದೆ ಹೋಗ್ತಾರೆ.”

ತಪ್ಪು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಮೆಕ್ಯಾನಿಕ್ ಬೇಡ ಎನ್ನಲಿಲ್ಲ. ತಿಂಗಳಿನಿಂದ ಎಲ್ಲದಕ್ಕೂ ಬೇಡ ಎನ್ನುತ್ತಿದ್ದವನು ಇದಕ್ಕೆ ಸುಮ್ಮನಿದ್ದ. ಆ ಸುಮ್ಮನಿರುವಿಕೆಯನ್ನು ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡಳು. ಸೋಮವಾರಕ್ಕೆ ಅತ್ತೆಯ ಹೆಸರಿನಲ್ಲಿ ಟೋಕನ್ ತೆಗೆದಳು.

ಭಾನುವಾರ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಅಜ್ಜಿ ಬೆಳ್ಳುಳ್ಳಿ ಬಿಡಿಸುತ್ತ ಕೂತಳು. ಮಗ ಬಾಗಿಲಿಗೆ ಒರಗಿ ನಿಂತ.

“ಹೇಳು. ಮೊದಲು ಏನಾಗುತ್ತೆ?”

“ಕೆಲಸ ಮುಗಿಸಿ ಬರ್ತೀನಿ. ದಾರೀಲಿ ನಟ್ಟಿನ ನೆನಪು ಬರುತ್ತೆ.”

“ನನಗೆ ನಟ್ಟು ಎಲ್ಲಿಂದ ಬರಬೇಕು? ಗ್ಯಾಸ್ ಒಲೆ ಅಂತೀನಿ. ಗ್ಯಾಸ್ ಆರಿಸಿದೆನೋ ಇಲ್ಲವೋ. ಆಮೇಲೆ?”

“ಬಿಗಿ ಮಾಡಿದ್ದು ಕಣ್ಣಿಗೆ ಕಾಣುತ್ತೆ. ಸ್ಪ್ಯಾನರ್ ತಿರುಗಿಸಿದ್ದು ಮೊಣಕೈಗೆ ನೆನಪಿರುತ್ತೆ. ಆದರೂ ಎದೆ ನಂಬಲ್ಲ. ವಾಪಸ್ ಹೋಗಿ ನೋಡ್ತೀನಿ, ಸರಿ ಇರುತ್ತೆ. ಕೆಳಗೆ ಇಳಿದು ಗಾಡಿ ಹತ್ತೋ ಹೊತ್ತಿಗೆ, ನೋಡಿದ್ದು ನಿಜವಾ ಅಂತ ಶುರುವಾಗುತ್ತೆ.”

ಅಜ್ಜಿಯ ಬೆರಳು ನಿಂತಿತು. “ಎಷ್ಟು ದಿನದಿಂದ?”

“ಮಳೆಗಾಲದಿಂದ.”

“ಮಳೆಗಾಲದಿಂದಾ? ನನಗೆ ಯಾಕೋ ಹೇಳಲಿಲ್ಲ?”

“ನೀನು ಈಗ ಕೇಳ್ತಿರೋದು ಡಾಕ್ಟ್ರಿಗೆ ಹೇಳೋಕೆ ತಾನೇ? ಕೇಳು. ಮಲಗಿದರೆ ಲಿಫ್ಟು ಬೀಳುತ್ತೆ. ಎಂಟು ಜನ ಹಿಡಿಯೋ ಲಿಫ್ಟು. ಎಂಟು ಮುಖಾನೂ ಕಾಣುತ್ತೆ. ಒಂದೊಂದು ಸಲ ಅದರಲ್ಲಿ ನಮ್ಮ ಹುಡುಗಿ ಇರ್ತಾಳೆ.”

ಪಕ್ಕದ ಕೋಣೆಯಲ್ಲಿ ಇಸ್ತ್ರಿ ಹಾಕುತ್ತಿದ್ದ ಹೆಂಡತಿಗೆ ಇದೆಲ್ಲ ಕೇಳಿಸುತ್ತಿತ್ತು. ಹತ್ತೊಂಬತ್ತು ವರ್ಷ ಜೊತೆಗೆ ಮಲಗಿದವಳಿಗೆ ಹೇಳದ್ದನ್ನು ಬಾಗಿಲಿಗೆ ಒರಗಿ ಬೆಳ್ಳುಳ್ಳಿ ಸಿಪ್ಪೆಗೆ ಹೇಳುತ್ತಿದ್ದಾನೆ. ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಂಗಿಯ ತೋಳೊಂದು ಕಂದಾಗಿ ಸುಟ್ಟುಹೋಯಿತು.

ಸೋಮವಾರ ಅಜ್ಜಿಯ ಜೊತೆ ಮೊಮ್ಮಗಳು ಒಳಗೆ ಹೋದಳು. ಡಾಕ್ಟರು ಚಿಕ್ಕ ವಯಸ್ಸಿನವರು, ಅವಸರವಿಲ್ಲದವರು. ಅಜ್ಜಿ ಒಂದಕ್ಷರ ಬಿಡದೆ ಒಪ್ಪಿಸಿದಳು.

“ಗ್ಯಾಸ್ ಆರಿಸದಿದ್ರೆ ಏನಾಗಬಹುದು ಅಂತ ಭಯ ನಿಮಗೆ?”

“ಎಂಟು ಜನ ಬಿದ್ದು ಸಾಯ್ತಾರೆ.”

“ಬಿದ್ದು?”

“ಅಂದ್ರೆ… ಗ್ಯಾಸ್ ಹೊಗೆಗೆ ತಲೆ ತಿರುಗಿ ಬೀಳಲ್ವಾ?”

“ಮನೇಲಿ ಎಂಟು ಜನ ಇದ್ದೀರಾ?”

“ನಾಲ್ಕು. ನೆಂಟರು ಬರ್ತಿರ್ತಾರೆ.”

ಮೊಮ್ಮಗಳು ನೆಲ ನೋಡುತ್ತಿದ್ದಳು. ಡಾಕ್ಟರು ನಿದ್ದೆಯ ವಿಷಯ ಕೇಳಿದರು, ಬೇರೆ ಮಾತ್ರೆಗಳ ವಿಷಯ ಕೇಳಿದರು. ಕೊನೆಗೆ, “ಹಗಲು ಏನು ಕೆಲಸ ಮಾಡ್ತೀರಿ?” ಎಂದರು.

ತಾಲೀಮಿನಲ್ಲಿ ಈ ಪ್ರಶ್ನೆ ಇರಲಿಲ್ಲ. ಅಜ್ಜಿ ನಿಜವನ್ನೇ ಹೇಳಿದಳು: “ಏನಿಲ್ಲಮ್ಮ. ಕೂತಿರ್ತೀನಿ.”

ಕೂತಿರುವವರಿಗೆ ಕೊಡುವ ಮಾತ್ರೆಯನ್ನು ಡಾಕ್ಟರು ಬರೆದರು. ಬೆಳಿಗ್ಗೆಗೆ ಒಂದು, ಅದರ ಗುಣ ಕಾಣಲು ಕೆಲವು ವಾರ ಬೇಕು. ಅಲ್ಲಿಯವರೆಗೆ ನಿದ್ದೆಗೆ ಅರ್ಧ. “ಎರಡು ವಾರ ಬಿಟ್ಟು ಬನ್ನಿ. ಮಗನನ್ನೂ ಕರ್ಕೊಂಡು ಬನ್ನಿ” ಎಂದರು.

“ಅವನಿಗೆ ಪುರುಸೊತ್ತಿಲ್ಲ” ಎಂದಳು ಅಜ್ಜಿ.

ಬೆಳಗಿನ ಮಾತ್ರೆಯಿಂದ ಮೊದಲ ವಾರ ಬಾಯಿ ಒಣಗಿತು, ಮತ್ತೇನೂ ಆಗಲಿಲ್ಲ. ರಾತ್ರಿಯ ಅರ್ಧ ಮಾತ್ರೆಗೆ ನಿದ್ದೆ ಬರಲಿಲ್ಲ. “ಅರ್ಧ ಅಮ್ಮನ ಲೆಕ್ಕ, ನನಗೆ ಒಂದು ಬೇಕು” ಎಂದು ಮೆಕ್ಯಾನಿಕ್ ಒಂದು ನುಂಗತೊಡಗಿದ. ಮಗಳು ಜಗಳವಾಡಿದಳು. “ಅವರು ನಿನ್ನ ಮುಖಾನೇ ನೋಡಿಲ್ಲ ಅಪ್ಪ! ನೀನು ಲಿಫ್ಟ್ ಓಡಾಡೋ ಬಾವಿ ಮೇಲೆ ನಿಂತು ಕೆಲಸ ಮಾಡೋನು ಅಂತ ಅವರಿಗೆ ಗೊತ್ತೇ ಇಲ್ಲ!” “ಗೊತ್ತಾಗಬಾರದು ಅಂತ ತಾನೇ ಇಷ್ಟೆಲ್ಲ” ಎಂದು ಅವನು ನೀರು ಕುಡಿದ. ನಿದ್ದೆ ಬಂತು. ಹೆಂಡತಿಗೆ ಅಷ್ಟೇ ಸಾಕಾಗಿತ್ತು. ಗೊರಕೆ ಕೇಳಿ ಇಷ್ಟು ಸಂತೋಷಪಟ್ಟ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ.

ಮಾರ್ಚ್ ಏಳರಂದು ಬೆಳಿಗ್ಗೆ, ವಿಮಾ ಕಚೇರಿಯ ಕಟ್ಟಡದಲ್ಲಿ, ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ, ಲಿಫ್ಟಿನ ಚಾವಣಿಯ ಮೇಲೆ ಕೂತು ಹಳಿಗೆ ಎಣ್ಣೆ ಹಚ್ಚುತ್ತಿದ್ದ ಮೆಕ್ಯಾನಿಕ್ ನಿದ್ದೆಹೋದ. ಕೆಳಗೆ ಕ್ಯಾಬಿನ್ನಿನಲ್ಲಿದ್ದ ಜೊತೆಗಾರ, ಎಲ್ಲರೂ ಗಡ್ಡ ಎಂದು ಕರೆಯುತ್ತಿದ್ದವನು, ಎರಡು ಸಲ ಕೂಗಿ ಉತ್ತರ ಬಾರದಿದ್ದಾಗ ಲಿಫ್ಟ್ ಓಡಿಸದೆ ಏಣಿ ಹತ್ತಿ ಇಣುಕಿದ. ಮೆಕ್ಯಾನಿಕ್ಕಿನ ಎಡಗೈ ಚಾವಣಿಯ ಅಂಚು ದಾಟಿ ಹೊರಗೆ ಚಾಚಿತ್ತು. ಲಿಫ್ಟ್ ಮೇಲೇರಿದರೆ ಅದನ್ನು ತೂಗುವ ಎದುರು ಭಾರದ ಕಬ್ಬಿಣದ ಗಟ್ಟಿಗಳು ಇಳಿಯುವ ಹಾದಿ ಅದು.

ಕೆನ್ನೆಗೆ ಎರಡು ಬಿಟ್ಟು ಎಬ್ಬಿಸಿದ ಗಡ್ಡ ಕೇಳಿದ್ದು ಒಂದೇ ಮಾತು. “ಕುಡಿದಿದ್ದೀಯೇನೋ?”

“ಹೂಂ” ಎಂದ ಮೆಕ್ಯಾನಿಕ್.

ಮೇಲ್ವಿಚಾರಕರ ಫೋನು ನೇರ ಕೌಂಟರಿಗೇ ಬಂತು. “ನಿಮ್ಮ ಯಜಮಾನರು ಕುಡಿದು ಕೆಲಸಕ್ಕೆ ಬಂದಿದ್ದಾರೆ. ಅವರೇ ಒಪ್ಪಿಕೊಂಡಿದ್ದಾರೆ. ಏಳು ದಿನ ಮನೇಲಿರಲಿ.” ಅವಳು “ಆಗಲಿ ಸರ್” ಎಂದು ಫೋನಿಟ್ಟು ಮುಂದಿನವರಿಗೆ ಕಿವಿಯ ಡಾಕ್ಟರ ಬದಲು ಕಣ್ಣಿನ ಡಾಕ್ಟರ ಟೋಕನ್ ಕೊಟ್ಟಳು.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

“ಕುಡುಕ ಅಂತ ಹೇಳ್ಕೊಂಡ್ರಾ? ಕೆಮ್ಮಿನ ಔಷಧಿ ವಾಸನೆಗೂ ಮೂಗು ಮುಚ್ಚೋರು ನೀವು!”

“ಮತ್ತೇನು ಹೇಳಲಿ?”

“ಮಾತ್ರೆ ನುಂಗಿದ್ದೆ ಅನ್ನಬೇಕಿತ್ತು!”

“ಯಾವ ಮಾತ್ರೆ ಅಂತಿದ್ರು. ಕುಡಿದವನಿಗೆ ಏಳು ದಿನ ಅಂತ ಕಂಪನೀಲಿ ಲೆಕ್ಕ ಇದೆ. ಎಂಟನೇ ದಿನ ಬೆನ್ನು ತಟ್ಟಿ ಒಳಗೆ ಕರ್ಕೊಳ್ತಾರೆ. ಇದಕ್ಕೆ ಎಷ್ಟು ದಿನ ಅಂತ ಯಾರಿಗೂ ಗೊತ್ತಿಲ್ಲ.”

ಅಜ್ಜಿ ನಿಟ್ಟುಸಿರು ಬಿಟ್ಟು, “ಹೋಗಲಿ ಬಿಡು. ಕುಡುಕ ಅಂದ್ರೆ ಪರವಾಗಿಲ್ಲ. ನಾಲ್ಕು ದಿನಕ್ಕೆ ಮರೀತಾರೆ” ಎಂದಳು.

ಮಗಳು ಪುಸ್ತಕ ಮುಚ್ಚಿ ಎದ್ದು ನಿಂತಳು. “ಪರವಾಗಿಲ್ವಾ ಅಜ್ಜಿ? ಆ ಗಡ್ಡದಂಕಲ್ ಕೂಗದೆ ಬಟನ್ ಒತ್ತಿದ್ದರೆ ಅಪ್ಪನ ಕೈ ಎಲ್ಲಿರ್ತಿತ್ತು? ಒಂದು ತೋಳಿನ ಅಂಗಿ ಹೊಲಿಸ್ತಿದ್ದೆಯಾ? ಎಂಟು ಜನ ಬೀಳ್ತಾರೆ, ಎಂಟು ಜನ ಬೀಳ್ತಾರೆ ಅಂತ ಅಪ್ಪ ಊರೆಲ್ಲ ಸುತ್ತಿದ್ರಲ್ಲ, ಬೀಳೋದರಲ್ಲಿ ಇದ್ದಿದ್ದು ಒಬ್ಬರು!”

ಮೆಕ್ಯಾನಿಕ್ ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಹಿಡಿದುಕೊಂಡ. ಬಿಡಲಿಲ್ಲ.

ರಾತ್ರಿಯ ಮಾತ್ರೆಯನ್ನು ಅಂದೇ ಮಗಳು ಕಸಿದು ಬೀರುವಿನಲ್ಲಿಟ್ಟಳು. ನಿದ್ದೆ ಮತ್ತೆ ಹೋಯಿತು. ಮೆಷಿನುಗಳಿಲ್ಲದ ಮನೆಯಲ್ಲಿ ಅವನು ಬಾಗಿಲ ಚಿಲಕ, ಕಿಟಕಿಯ ಕೊಂಡಿ, ಗ್ಯಾಸ್ ಒಲೆಯ ನಾಬ್ ಮುಟ್ಟಿ ಮುಟ್ಟಿ ನೋಡುತ್ತ ತಿರುಗಿದ. “ನಾನು ಡಾಕ್ಟ್ರಿಗೆ ಹೇಳಿದ ಸುಳ್ಳು ನಿಜ ಆಯ್ತಲ್ಲೋ” ಎಂದಳು ಅಜ್ಜಿ. ನೆರೆಯವರು ಕುಡಿತದ ಸುದ್ದಿ ಕೇಳಿ ಸಮಾಧಾನ ಹೇಳಲು ಬಂದರು; ಅವರಿಗೆ ಹೆಂಡತಿ ಚಹ ಕೊಟ್ಟು, ಹೌದು ಹೌದು, ಇನ್ನು ಮುಟ್ಟಲ್ಲ ಅಂದಿದ್ದಾರೆ, ಎಂದು ತಲೆಯಾಡಿಸಿದಳು. ಲೋಟ ತೊಳೆಯುವಾಗ ಒಂದನ್ನು ಬೇಕೆಂದೇ ಕುಕ್ಕಿದಳು.

ಆ ದಿನಗಳಲ್ಲಿ ಊಟದ ಹೊತ್ತು ಬಹಳ ಉದ್ದವಾಯಿತು. “ಇವತ್ತು ಕ್ಲಿನಿಕ್ಕಿಗೆ ಯಾರೂ ಬರಲಿಲ್ವೇನೇ?” ಎಂದು ಅಜ್ಜಿ ಒಂದು ಸಂಜೆ ಕೇಳಿದಳು, ಸುದ್ದಿಯಿಲ್ಲದೆ ತುತ್ತು ಇಳಿಯುತ್ತಿಲ್ಲ ಎಂಬಂತೆ.

“ಬಂದ್ರು” ಎಂದಳು ಸೊಸೆ. “ಟೋಕನ್ ತಗೊಂಡ್ರು. ಹೋದ್ರು.”

ಎರಡನೆಯ ಭೇಟಿಗೆ ಅಜ್ಜಿ ಒಬ್ಬಳೇ ಮಹಡಿ ಹತ್ತಿದಳು. ಮೊಮ್ಮಗಳು ಬರುವುದಿಲ್ಲ ಎಂದುಬಿಟ್ಟಿದ್ದಳು. ಬೆಳಗಿನ ಮಾತ್ರೆ ಮುಗಿಯುತ್ತಾ ಬಂದಿತ್ತು, ಅದಷ್ಟನ್ನೇ ಬರೆಸಿಕೊಂಡು ಬರುವುದೆಂದು ತೀರ್ಮಾನವಾಗಿತ್ತು.

“ಹೇಗಿದ್ದೀರಿ? ಭಯ ಸ್ವಲ್ಪ ಕಡಿಮೆ ಅನ್ನಿಸ್ತಿದೆಯಾ?” ಎಂದು ಡಾಕ್ಟರು ಕೇಳಿದರು.

ಮಗ ಮೂರು ದಿನದಿಂದ ಸರಿಯಾಗಿ ಬಾಯಿ ಬಿಟ್ಟಿರಲಿಲ್ಲ. ಅಜ್ಜಿ ಯೋಚಿಸಿದಳು.

“ಕೇಳಿ ಹೇಳ್ತೀನಮ್ಮ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಯಾರನ್ನ ಕೇಳಿ?”

ಹತ್ತು ನಿಮಿಷದ ಮೇಲೆ ಅಜ್ಜಿ ಕೆಳಗೆ ಬಂದಳು, ಕೈಯಲ್ಲಿ ಚೀಟಿ ಇರಲಿಲ್ಲ. ಕೌಂಟರಿನ ಮೇಲೆ ಬಾಗಿ ಸೊಸೆಗೆ ಹೇಳಿದಳು: “ಬಯ್ಯಲಿಲ್ಲ ಕಣೆ. ಬಯ್ದಿದ್ದರೆ ಚೆನ್ನಾಗಿತ್ತು. ರಾತ್ರಿ ಮಾತ್ರೆ ತಗೊಂಡು ಕೈ ಚಾಚಿ ಮಲಗಿದ್ದ ಅಂದಾಗ ಬಿಳಿಚಿಕೊಂಡಳು, ಪಾಪ. ಬೆಳಗಿನ ಮಾತ್ರೆ ದಿಢೀರ್ ಬಿಡಬಾರದಂತೆ, ಇನ್ನು ಮೂರು ದಿನಕ್ಕೆ ಇದೆಯಲ್ಲ, ಅದರೊಳಗೆ ಮಗನೇ ಬರಲಿ ಅಂದಳು. ನನ್ನ ಹೆಸರಲ್ಲಿ ಇನ್ನು ಒಂದು ಗುಳಿಗೆನೂ ಬರೆಯಲ್ಲವಂತೆ.”

ಆ ರಾತ್ರಿ ಹೆಂಡತಿ ಕೂಗಾಡಲಿಲ್ಲ. ಕೂಗಿ ಕೂಗಿ ಅವಳಿಗೂ ಸಾಕಾಗಿತ್ತು.

“ಗುರುವಾರ ಮೂರು ಗಂಟೆಗೆ ಹಿಂದಿನ ಬಾಗಿಲಿಂದ ಬನ್ನಿ” ಎಂದಳು. “ನಾನು ಮೇಲೆ ಕರ್ಕೊಂಡು ಹೋಗ್ತೀನಿ. ಯಾರಿಗೂ ಗೊತ್ತಾಗಲ್ಲ.”

“ನಿನ್ನ ಪಕ್ಕದವಳು?”

“ಅವಳನ್ನ ಚಹಕ್ಕೆ ಕಳಿಸ್ತೀನಿ.”

“ಕಂಪನಿ? ಗೋಡೌನು?”

“ಗೋಡೌನಲ್ಲೇ ಹಗ್ಗ ಸುತ್ತಿ! ಎರಡು ಕೈಯಲ್ಲೂ ಸುತ್ತಿ! ನನಗೆ ಅಷ್ಟು ಸಾಕು.”

ಅವನು ಬಾಗಿಲ ಚಿಲಕ ನೋಡಲು ಎದ್ದ.

ಗುರುವಾರ ಮೂರು ಗಂಟೆಗೆ ಹೆಂಡತಿ ಹಿಂದಿನ ಬಾಗಿಲ ಅಗುಳಿ ತೆಗೆದು ಕಾದಳು. ಕಸದ ಡಬ್ಬಿಗಳ ಹತ್ತಿರ ಬೆಕ್ಕೊಂದು ಮಲಗಿತ್ತು. ಮೂರೂ ಹತ್ತಾಯಿತು. ಪಕ್ಕದವಳ ಚಹ ಮುಗಿದಿರುತ್ತದೆ ಎಂದುಕೊಂಡು, ಮನಸ್ಸಿನಲ್ಲಿ ಗಂಡನನ್ನು ಬಯ್ಯುತ್ತ ಅವಳು ಕೌಂಟರಿಗೆ ವಾಪಸಾದಳು. ಐದು ಜನ ಸಾಲಿನಲ್ಲಿದ್ದರು. ಮಗುವನ್ನೆತ್ತಿಕೊಂಡ ಹೆಂಗಸಿನ ಹಿಂದೆ, ನಾಲ್ಕನೆಯವನಾಗಿ, ಅವನು ನಿಂತಿದ್ದ. ಒಗೆದ ಅಂಗಿ, ಒಂದು ತೋಳಿನ ಮೇಲೆ ಇಸ್ತ್ರಿಯ ಕಂದು ಕಲೆ.

ಅವಳು ಸಾಲು ಮುರಿಯಲಿಲ್ಲ. ಮೂರು ಜನರಿಗೆ ಟೋಕನ್ ಕೊಟ್ಟಳು. ಪಕ್ಕದ ಕೌಂಟರಿನವಳು ಬಂದು ಕೂತು, ಗುರುತು ಹಿಡಿದು, “ಅರೇ, ನಿಮ್ಮ ಮನೆಯವರು!” ಎಂದಳು.

“ಹೌದು. ಸಾಲಲ್ಲಿದ್ದಾರೆ” ಎಂದಳು ಹೆಂಡತಿ. ಅವನ ಸರದಿ ಬಂತು. “ಹೆಸರು?”

ಅವನು ಪೂರ್ತಿ ಹೆಸರು ಹೇಳಿದ.

“ಯಾವ ಡಾಕ್ಟ್ರು?”

ಅವನು ಏನೋ ಅಂದ. ಮಗು ಚೀರುತ್ತಿತ್ತು.

“ಕೇಳಿಸಲಿಲ್ಲ. ಜೋರಾಗಿ ಹೇಳಿ.” ನಿಜಕ್ಕೂ ಕೇಳಿಸಿರಲಿಲ್ಲ.

“ಎರಡನೇ ಮಹಡಿ. ಮನಸ್ಸಿನ ಡಾಕ್ಟ್ರು.”

ಹಿಂದಿನವನು ಗಡಿಯಾರ ನೋಡಿ, “ಸ್ವಲ್ಪ ಬೇಗ ಆಗಲಮ್ಮ” ಎಂದ. ಪಕ್ಕದವಳು ಬಾಯಿ ತೆರೆದಳು. ಹೆಂಡತಿ ಅವಳ ಕಡೆ ತಿರುಗಿ, “ನಿನ್ನ ಸಾಲು ನೋಡ್ಕೋ” ಎಂದಳು. ಟೋಕನ್ ಕೊಡುವಾಗ ಬೆರಳಿಗೆ ತಾಗಿದ ಅವನ ಬೆರಳು ಒದ್ದೆಯಾಗಿತ್ತು.

ಎರಡನೇ ಮಹಡಿಯ ನರ್ಸು ಅವನನ್ನು ಕೂರಿಸಿ ಸುಟ್ಟ ತೋಳನ್ನು ಮೇಲಕ್ಕೆ ಮಡಿಸಿ ಪಟ್ಟಿ ಸುತ್ತಿದಳು. ಗಾಳಿ ತುಂಬಿ, ಬಿಟ್ಟು, ಮುಖ ನೋಡಿದಳು.

“ಓಡಿ ಬಂದ್ರಾ?”

“ಇಲ್ಲ. ಸಾಲಲ್ಲಿ ನಿಂತು ಬಂದೆ.”

“ಮಾತಾಡಬೇಡಿ, ಇನ್ನೊಂದು ಸಲ ನೋಡ್ತೀನಿ.”

ಎರಡನೆಯ ಸಲವೂ ಅಷ್ಟೇ ಜಾಸ್ತಿ ಬಂತು. ಚೀಟಿಯಲ್ಲಿ ಅವನದೇ ಹೆಸರಿನ ಕೆಳಗೆ ಅವಳು ಬರೆದುಕೊಂಡಳು: ರಕ್ತದೊತ್ತಡ ನೂರ ಐವತ್ತಾರು, ತೊಂಬತ್ತೆಂಟು.